ಕುದುರೆ ಬಾಲಕ್ಕೆ ಎಷ್ಟು ಕಟ್ಬೇಕು? ಸ್ಟೇಕಿಂಗ್ ಸಿಸ್ಟಂಗಳ ಒಳಗಿನ ಲೆಕ್ಕ

ನಮ್ಮ ದೊಡ್ಡಪ್ಪ ಒಂದು ಕಾಲಕ್ಕೆ ಬೆಂಗಳೂರು ರೇಸ್‌ಕೋರ್ಸಿನ ಕಾಯಂ ಗಿರಾಕಿ. ಮನೇಲಿ ಎಲ್ರೂ "ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಬಂದ್ರು" ಅಂತ ಗೊಣಗೋರು, ಅವ್ರು ಮಾತ್ರ ಏನೂ ಕೇಳಿಸ್ದೇ ಇರೋರ ಥರ ಊಟ ಮುಗ್ಸಿ, ಉದ್ದನೆ ಅಕೌಂಟ್ ಬುಕ್ ಒಂದನ್ನ ತೆಗ್ದು ಅವತ್ತಿನ ಲೆಕ್ಕ ಬರ್ದು ಮಲಗೋರು. ಅವ್ರು ಹೋದ್ಮೇಲೆ ಬೀರು ಖಾಲಿ ಮಾಡುವಾಗ ಆ ಪುಸ್ತಕ ನನ್ ಕೈಗೆ ಸಿಕ್ತು. ಒಂದು ಪುಟದಲ್ಲಿ ಮೇಲಿಂದ ಕೆಳಗೆ ಹೀಗಿದೆ: 20, 40, 80, 160, 320. ಅದ್ರ ಕೆಳಗೆ 640 ಅಂತ ಬರ್ದು, ಹೊಡೆದುಹಾಕಿ, ಪಕ್ಕದಲ್ಲಿ "ಇಲ್ಲ" ಅಂತ ಒಂದೇ ಪದ. ಅಂದ್ರೆ ಐದು ರೇಸಲ್ಲಿ 620 ರೂಪಾಯಿ ಹೋಗಿದೆ, ಆರನೇದಕ್ಕೆ 640 ಕಟ್ಬೇಕಿತ್ತು, ಜೇಬಲ್ಲಿ ಅಷ್ಟು ಇರ್ಲಿಲ್ಲ.

ದೊಡ್ಡಪ್ಪನಿಗೆ ಅದು "ಡಬಲ್ ಹಾಕೋದು". ಪ್ರಪಂಚದ ಬೆಟ್ಟಿಂಗ್ ಭಾಷೇಲಿ ಇದಕ್ಕೆ ಮಾರ್ಟಿಂಗೇಲ್ ಅಂತ ಹೆಸರು, 18ನೇ ಶತಮಾನದ ಫ್ರಾನ್ಸಿಂದ ಬಂದಿರೋದು. ಈ ಥರ ಯಾವ ಸಲ ಎಷ್ಟು ದುಡ್ಡು ಕಟ್ಬೇಕು ಅಂತ ಮೊದ್ಲೇ ಒಂದು ನಿಯಮ ಮಾಡ್ಕೊಳ್ಳೋದಕ್ಕೇನೇ ಸ್ಟೇಕಿಂಗ್ ಸಿಸ್ಟಂ ಅನ್ನೋದು. ಯಾವ ಕುದುರೆ ಗೆಲ್ಲತ್ತೆ ಅನ್ನೋ ಪ್ರಶ್ನೆಗೂ ಇದಕ್ಕೂ ಸಂಬಂಧ ಇಲ್ಲ, ಅದು ಬೇರೆ ವಿದ್ಯೆ. ಜನ ಇವೆರಡನ್ನೂ ಕಲಸಿಬಿಡ್ತಾರೆ, ಟೆಲಿಗ್ರಾಂ ಗ್ರೂಪಲ್ಲಿ "99% ಗ್ಯಾರಂಟಿ ಸಿಸ್ಟಂ ಬಾಸ್" ಅಂತ ಮಾರೋರು ಬದುಕ್ತಿರೋದೂ ಈ ಕಲಸುಮೇಲೋಗರದಿಂದ್ಲೇ.

ಮೊದ್ಲೇ ಒಂದು ಮಾತು ಹೇಳಿಬಿಡ್ತೀನಿ. ಇಲ್ಲಿ ನಾನು ಉದಾಹರಣೆ ಕೊಡೋದೆಲ್ಲ ಕುದುರೆ ರೇಸಿಂದ, ಯಾಕಂದ್ರೆ ನಮ್ಮಲ್ಲಿ ಕಾನೂನು ಒಪ್ಪೋ ಕ್ರೀಡಾ ಬೆಟ್ಟಿಂಗ್ ಅಂದ್ರೆ ಅದೇ. ಕುದುರೆ ರೇಸ್ ಕೌಶಲದ ಆಟ, ಬರೀ ಜೂಜಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳ್ತು, ಅದು ತಮಿಳುನಾಡಿನ ಕೇಸು. ಲೈಸೆನ್ಸ್ ಇರೋ ಟರ್ಫ್ ಕ್ಲಬ್ಬಿನ ಕಾಂಪೌಂಡ್ ಒಳಗೆ ಬುಕ್ಕಿ ಹತ್ರಾನೋ ಕ್ಲಬ್ಬೇ ನಡೆಸೋ ಟೋಟ್ ಕೌಂಟರಲ್ಲೋ ಕಟ್ಟಬಹುದು. ಕ್ರಿಕೆಟ್ ಬೆಟ್ಟಿಂಗ್ ಅಕ್ರಮ, ಪಕ್ಕದ ಮನೆ ಹುಡುಗ ಐಪಿಎಲ್ಲಲ್ಲಿ ಎಷ್ಟೇ ಆರಾಮಾಗಿ ಆಡ್ತಿದ್ರೂ ಅಕ್ರಮಾನೇ, ಮತ್ತೆ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮ್‌ಗಳನ್ನ ನಿಷೇಧಿಸೋ ಕೇಂದ್ರದ ಕಾನೂನು 2025ರ ಆಗಸ್ಟಲ್ಲಿ ಬಂದಿದೆ. ಗಣಿತಕ್ಕೆ ಮಾತ್ರ ಕುದುರೆ ಆದ್ರೂ ಒಂದೇ ಕ್ರಿಕೆಟ್ ಆದ್ರೂ ಒಂದೇ.

ಸರಿ, ಲೆಕ್ಕ ಶುರು ಮಾಡೋಣ. ಬುಕ್ಕಿ ಬೋರ್ಡಲ್ಲಿ ಒಂದು ಕುದುರೆ ಮುಂದೆ 2/1 ಅಂತ ಇದೆ ಅಂದ್ಕೊಳ್ಳಿ, ಅಂದ್ರೆ ಒಂದಕ್ಕೆ ಎರಡು. 100 ಕಟ್ಟಿದ್ರೆ, ಗೆದ್ರೆ 200 ಲಾಭ ಜೊತೆಗೆ ನಿಮ್ಮ 100 ವಾಪಸ್, ಒಟ್ಟು 300. ಈ ಬೆಟ್ಟಲ್ಲಿ ಅಸಲು ಉಳೀಬೇಕು ಅಂದ್ರೆ ಇಂಥ ಕುದುರೆಗಳು ಮೂರಕ್ಕೆ ಒಂದು ಸಲ ಗೆಲ್ಬೇಕು, 33.3%. 3/1 ಆದ್ರೆ 25%, 4/1 ಆದ್ರೆ 20%. ಹೀಗೆ ಪ್ರತಿ ರೇಟಿನ ಒಳಗೂ ಒಂದು ಶೇಕಡಾವಾರು ಅಡಗಿ ಕೂತಿರತ್ತೆ.

ಈಗ ಆರು ಕುದುರೆ ಓಡೋ ಒಂದು ರೇಸು ತಗೊಳ್ಳಿ, ರೇಟು ನಾನೇ ಹಾಕ್ತೀನಿ: 6/4 (ನಾಲ್ಕಕ್ಕೆ ಆರು), 3/1, 4/1, 6/1, 10/1, 15/1. ಇವುಗಳ ಶೇಕಡಾವಾರು ಕ್ರಮವಾಗಿ 40, 25, 20, 14.3, 9.1, 6.25. ಕೂಡಿಸಿ ನೋಡಿ, ಹತ್ತಿರ ಹತ್ತಿರ 114.6 ಬರತ್ತೆ. ಗೆಲ್ಲೋದು ಒಂದೇ ಕುದುರೆ, ಹಾಗಾಗಿ ನಿಜವಾದ ಸಾಧ್ಯತೆಗಳ ಮೊತ್ತ 100 ದಾಟೋಕೆ ಆಗಲ್ಲ. ಆ ಮಿಕ್ಕ 14.6 ಬುಕ್ಕಿಯ ಹೊಟ್ಟೆಪಾಡು. ಟೋಟ್ ಕೌಂಟರಲ್ಲಿ ದಾರಿ ಬೇರೆ, ಎಲ್ರೂ ಕಟ್ಟಿದ ದುಡ್ಡು ಒಂದು ಗುಡ್ಡೆ ಹಾಕಿ, ಅದ್ರಿಂದ ಕ್ಲಬ್ಬಿನ ಕಮಿಷನ್ ಮೊದ್ಲು ತೆಗ್ದು, ಉಳಿದಿದ್ದನ್ನ ಗೆದ್ದೋರಿಗೆ ಹಂಚ್ತಾರೆ, ಆದ್ರೆ ಪರಿಣಾಮ ಅದೇ, ನೀವು ಕೌಂಟರ್ ಮುಂದೆ ನಿಂತಾಗ್ಲೇ ಸ್ವಲ್ಪ ಹಿಂದಿರ್ತೀರ.

ಇದನ್ನ ತಲೇಲಿ ಇಟ್ಕೊಂಡು ಸಿಸ್ಟಂಗಳಿಗೆ ಬರೋಣ. ಎಲ್ಲಕ್ಕೂ ಮುಂಚೆ ಬೇಕಾಗಿರೋದು ಒಂದು ಬೇರೆ ಗಂಟು. ಬೆಟ್ಟಿಂಗಿಗೆ ಅಂತಾನೇ ಎತ್ತಿಟ್ಟ, ಪೂರ್ತಿ ಹೋದ್ರೂ ಮನೆ ಬಾಡಿಗೆಗೋ ಮಗು ಸ್ಕೂಲ್ ಫೀಸಿಗೋ ತೊಂದ್ರೆ ಆಗ್ದೇ ಇರೋ ದುಡ್ಡು. ಇದಕ್ಕೆ ಬ್ಯಾಂಕ್‌ರೋಲ್ ಅಂತಾರೆ. ಈ ಗಂಟು ಇಲ್ದೇ ಸಂಬಳದ ಅಕೌಂಟಿಂದ ನೇರ ತೆಗ್ದು ಕಟ್ತಾ ಇದ್ರೆ ಯಾವ ಸಿಸ್ಟಮ್ಮೂ ಇಲ್ಲ, ಬರೀ ಸೋರಿಕೆ.

ಎಲ್ಲಕ್ಕಿಂತ ಸರಳವಾದದ್ದು ಫ್ಲಾಟ್ ಸ್ಟೇಕ್. ಗಂಟು 10,000 ಇದ್ರೆ ಪ್ರತಿ ಸಲ 200, ಅಷ್ಟೇ, ಗೆದ್ರೂ ಸೋತ್ರೂ 200, ಕುದುರೆ ಬಗ್ಗೆ ಎಷ್ಟೇ ಒಳಗಿನ ಟಿಪ್ ಬಂದ್ರೂ 200. ಬೋರ್ ಹೊಡಿಯತ್ತೆ. ಆದ್ರೆ ಇದ್ರ ಒಂದು ದೊಡ್ಡ ಗುಣ ಏನಂದ್ರೆ ನೀವು ನಿಜವಾಗ್ಲೂ ಕುದುರೆ ಆರಿಸೋದ್ರಲ್ಲಿ ಹೇಗಿದ್ದೀರ ಅನ್ನೋದನ್ನ ಇದು ಮುಚ್ಚಿಡಲ್ಲ. 300 ಬೆಟ್ ಆದ್ಮೇಲೆ ಕಟ್ಟಿದ್ದು ಎಷ್ಟು, ಬಂದಿದ್ದು ಎಷ್ಟು ಅಂತ ನೋಡಿದ್ರೆ ಉತ್ತರ ಮುಖಕ್ಕೆ ಹೊಡ್ದಂಗೆ ಇರತ್ತೆ.

ಇಲ್ಲೇ ಸೋಲಿನ ಸರಣಿ ಬಗ್ಗೆ ಹೇಳ್ಬೇಕು, ಯಾಕಂದ್ರೆ ಎಲ್ಲ ಸಿಸ್ಟಂ ಸಾಯೋದೂ ಅಲ್ಲೇ. ಮೂರಕ್ಕೆ ಒಂದು ಗೆಲ್ಲೋ ಪಂಟರ್ (ಬೆಟ್ ಕಟ್ಟೋನು) ಅಂದ್ರೆ ಕಮ್ಮಿ ಅಲ್ಲ. ಅಂಥೋನಿಗೆ ಸತತ 10 ಸೋಲು ಬರೋ ಸಾಧ್ಯತೆ ಎಷ್ಟು? ಯಾವುದೋ ಒಂದು ಜಾಗದಿಂದ ಎಣಿಸಿದ್ರೆ 1.7%, ಅಂದ್ರೆ ನೂರಕ್ಕೆ ಎರಡೂ ಇಲ್ಲ, "ಅಯ್ಯೋ ಅಪರೂಪ ಬಿಡಿ" ಅನ್ಸತ್ತೆ. ಆದ್ರೆ ಆತ ಒಂದು ಬೆಟ್ ಕಟ್ಟಿ ಮನೆಗೆ ಹೋಗಲ್ವಲ್ಲ, 300 ಕಟ್ತಾನೆ, ಆ 300ರಲ್ಲಿ ಎಲ್ಲಾದ್ರೂ ಒಂದು ಕಡೆ ಸತತ 10 ಸೋಲು ಬರೋ ಸಾಧ್ಯತೆ ಲೆಕ್ಕ ಹಾಕಿದ್ರೆ 80% ಆಸುಪಾಸು ಬರತ್ತೆ. ಅಂದ್ರೆ ಬಂದೇ ಬರತ್ತೆ ಅಂತ ಇಟ್ಕೊಂಡು ಕಟ್ಟೋದು ಒಳ್ಳೇದು. ಸರಣಿ ಬಂದಾಗ ಜನ "ನನ್ ಟೈಮ್ ಸರಿ ಇಲ್ಲ, ಶನಿ ಕಾಟ" ಅಂತಾರೆ, ಶನಿ ಪಾಪ ಸುಮ್ನಿರ್ತಾನೆ.

ಫ್ಲಾಟಿನ ತಮ್ಮ ಅನ್ನಬಹುದಾದ್ದು ಶೇಕಡಾವಾರು ಸ್ಟೇಕ್. ಪ್ರತಿ ಸಲ ಆ ಹೊತ್ತಿಗೆ ಎಷ್ಟು ಉಳಿದಿದ್ಯೋ ಅದ್ರ 2%. ಮೊದಲ ಬೆಟ್ 200, ಸೋತ್ರೆ ಮುಂದಿಂದು 196, ಹೀಗೆ. ಸತತ 10 ಸೋತ್ರೆ ಫ್ಲಾಟಲ್ಲಿ 8,000 ಉಳಿಯತ್ತೆ, ಇದ್ರಲ್ಲಿ 8,171. ಸೋಲುವಾಗ ತಾನಾಗೇ ಬ್ರೇಕ್ ಬೀಳತ್ತೆ, ಗೆಲ್ಲುವಾಗ ತಾನಾಗೇ ಗೇರ್ ಏರತ್ತೆ. ಕಾಗದದ ಮೇಲೆ ಗಂಟು ಯಾವತ್ತೂ ಸೊನ್ನೆ ಆಗಲ್ಲ, ಆದ್ರೆ ಕನಿಷ್ಠ ಟಿಕೆಟ್ ಅಂತ ಒಂದಿರತ್ತಲ್ಲ, ಅದ್ರ ಕೆಳಗೆ ಹೋದ್ರೆ ಆಟ ಮುಗೀತು. ಶೇಕಡಾವಾರಿಗೆ ಇನ್ನೊಂದು ಚೇಷ್ಟೆ ಇದೆ: 10% ಗೆದ್ದು 10% ಸೋತ್ರೆ ಇದ್ದಲ್ಲೇ ಇರ್ತೀವಿ ಅಂತ ಅನ್ಸತ್ತೆ, ಇರಲ್ಲ, 100 ಇದ್ದಿದ್ದು 110 ಆಗಿ 99ಕ್ಕೆ ಬರತ್ತೆ. ಅರ್ಧ ಕಳ್ಕೊಂಡ್ರೆ ವಾಪಸ್ ಬರೋಕೆ ದುಪ್ಪಟ್ಟು ಮಾಡ್ಬೇಕು. ಶೇರು ಮಾರ್ಕೆಟ್ಟಲ್ಲಿ ಕೈ ಸುಟ್ಕೊಂಡೋರಿಗೆ ಇದು ಹೇಳೋದೇ ಬೇಡ.

ಈಗ ದೊಡ್ಡಪ್ಪನ ಡಬಲ್. ಇದ್ರ ಆಕರ್ಷಣೆ ಯಾಕೆ ಅಂತ ಅರ್ಥ ಆಗತ್ತೆ. ಈವನ್ ಮನಿ, ಅಂದ್ರೆ 100ಕ್ಕೆ 100 ಕೊಡೋ ಬೆಟ್ಟಲ್ಲಿ ಸೋತಾಗೆಲ್ಲ ಡಬಲ್ ಮಾಡ್ತಾ ಹೋದ್ರೆ, ಯಾವಾಗ ಒಂದು ಸಲ ಗೆಲ್ತೀರೋ ಆಗ ಹಿಂದಿನ ಸೋಲೆಲ್ಲ ತೀರಿ ಮೇಲೆ 100 ಉಳಿಯತ್ತೆ. "ಒಂದಲ್ಲ ಒಂದು ದಿನ ಗೆಲ್ಲಲೇಬೇಕಲ್ಲ" ಅನ್ನೋ ಮಾತಿಗೆ ಎದುರು ಮಾತೇ ಸಿಗಲ್ಲ ಮೇಲ್ನೋಟಕ್ಕೆ. ಚದುರಂಗದ ಮನೆಗೆ ಒಂದು, ಎರಡು, ನಾಲ್ಕು ಅಂತ ಭತ್ತದ ಕಾಳು ಕೇಳಿದ ಕತೆ ಗೊತ್ತಲ್ಲ, ಇಲ್ಲಿ ರಾಜನ ಜಾಗದಲ್ಲಿ ಕೂತು ಕಾಳು ಕೊಡ್ತಾ ಇರೋದು ನೀವು. 100, 200, 400, 800, 1,600, 3,200, 6,400. ಏಳು ಸೋತ್ರೆ 12,700 ಹೋಗಿರತ್ತೆ, ಎಂಟನೇದಕ್ಕೆ 12,800 ಕಟ್ಬೇಕು, ಎಲ್ಲ ಕಟ್ಟಿ ಗೆದ್ರೂ ಲಾಭ ಅದೇ 100 ರೂಪಾಯಿ.

ಒಂದು ಉದಾಹರಣೆಗೆ ನಿಜವಾದ ಗೆಲ್ಲೋ ಸಾಧ್ಯತೆ 45% ಅಂದ್ಕೊಳ್ಳಿ. ನಿಮ್ಮ ಹತ್ರ ಏಳು ಮೆಟ್ಟಿಲಿಗೆ ಆಗೋಷ್ಟು ದುಡ್ಡಿದೆ, 12,700. ಸತತ ಏಳು ಸೋಲೋ ಸಾಧ್ಯತೆ 1.5%, ಸುಮಾರು 66ಕ್ಕೆ ಒಂದು ಸಲ. ಉಳಿದ 65 ಸಲ ನೀವು 100 ಗೆದ್ದು ನಗ್ತಾ ಹೊರಗೆ ಬರ್ತೀರ, ಸಿಸ್ಟಂ ಸೂಪರ್ ಅಂತೀರ, ಭಾಮೈದನಿಗೂ ಹೇಳ್ಕೊಡ್ತೀರ. 65 ಸಲ 100 ಅಂದ್ರೆ 6,500. ಆಮೇಲೆ ಆ ಒಂದು ಸಲ 12,700 ಹೋಗತ್ತೆ. ಸರಾಸರಿ ತೆಗೆದ್ರೆ ಪ್ರತಿ ಸುತ್ತಿಗೆ ಸುಮಾರು 95 ರೂಪಾಯಿ ನಷ್ಟ.

ಈ 95 ಎಲ್ಲಿಂದ ಬಂತು ಅಂತ ನೋಡಿದ್ರೆ ಇಡೀ ವಿಷಯದ ಗುಟ್ಟು ಸಿಗತ್ತೆ, ನನಗಂತೂ ಇದು ಅರ್ಥ ಆದ ದಿನ ತಲೆ ತಿರುಗ್ತು. 45% ಗೆಲ್ಲೋ ಈವನ್ ಬೆಟ್ಟಲ್ಲಿ ನೀವು ಕಟ್ಟೋ ಪ್ರತಿ 100 ರೂಪಾಯಿಗೆ ಸರಾಸರಿ 10 ರೂಪಾಯಿ ಹೋಗತ್ತೆ. ಮೇಲಿನ ಡಬಲ್ ಆಟದ ಒಂದು ಸುತ್ತಲ್ಲಿ, ಕೆಲವು ಸಲ ಒಂದೇ ಬೆಟ್, ಕೆಲವು ಸಲ ಮೂರು, ಅಪರೂಪಕ್ಕೆ ಏಳು, ಎಲ್ಲ ಸೇರಿಸಿ ಸರಾಸರಿ ನೀವು ತಿರುಗಿಸೋ ದುಡ್ಡು 949 ರೂಪಾಯಿ. 949ರ 10% ಎಷ್ಟು? 95. ಅಷ್ಟೇ ಕತೆ. ನೀವು 100ನ್ನ ಒಂಬತ್ತೂವರೆ ಸಲ ಫ್ಲಾಟಾಗಿ ಕಟ್ಟಿದ್ರೂ ಅಷ್ಟೇ ಹೋಗೋದು. ಸಿಸ್ಟಂ ಯಾವ್ದೇ ಇರ್ಲಿ, ಸರಾಸರಿ ನಷ್ಟ ಅಂದ್ರೆ ಒಟ್ಟು ಕಟ್ಟಿದ ದುಡ್ಡು ಗುಣಿಸು ಪ್ರತಿ ರೂಪಾಯಿಗೆ ಹೋಗೋ ಪಾಲು. ಆ ಎರಡನೇ ಅಂಕಿಯನ್ನ ಸ್ಟೇಕಿಂಗ್ ಮುಟ್ಟೋಕೇ ಆಗಲ್ಲ, ಅದು ಕುದುರೆ ಮತ್ತೆ ರೇಟಿಗೆ ಸೇರಿದ್ದು. ಸ್ಟೇಕಿಂಗ್ ಮಾಡೋದು ಎರಡೇ ಕೆಲಸ, ಒಟ್ಟು ಎಷ್ಟು ದುಡ್ಡು ತಿರುಗತ್ತೆ ಅಂತ ನಿರ್ಧರಿಸೋದು, ಆಮೇಲೆ ನಷ್ಟ ಹೇಗೆ ಹಂಚ್ಕೊಂಡು ಬರತ್ತೆ ಅಂತ ನಿರ್ಧರಿಸೋದು. ದಿನಾ ಚೂರು ಚೂರು ಚಿವುಟಿಸ್ಕೊಳ್ತೀರಾ, ಇಲ್ಲಾ 65 ದಿನ ಲಡ್ಡು ತಿಂದು ಒಂದಿನ ಒದೆ ತಿಂತೀರಾ, ಆಯ್ಕೆ ಅಷ್ಟೇ.

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ರೂಲೆಟ್ ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು. 10 ಸಲ ಕಪ್ಪು ಆದ್ಮೇಲೆ "ಇನ್ನು ಕೆಂಪು ಬರ್ಲೇಬೇಕು" ಅಂತ ಜನ ಮುಗಿಬಿದ್ದು ಕೆಂಪಿಗೆ ಕಟ್ಟಿದ್ರು, 15ಕ್ಕೆ ಇನ್ನೂ ಜಾಸ್ತಿ ಕಟ್ಟಿದ್ರು, ಹೋಯ್ತು. ಚೆಂಡಿಗೆ ನೆನಪಿನ ಶಕ್ತಿ ಇಲ್ಲ. ಐದನೇ ರೇಸಿನ ಕುದುರೆಗೂ ನೀವು ಮೊದಲ ನಾಲ್ಕು ರೇಸ್ ಸೋತಿದ್ದೀರ ಅಂತ ಗೊತ್ತಿರಲ್ಲ.

ಡಬಲ್ಲಿನ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಬೇಕಾದಷ್ಟಿವೆ. ಸೋತ್ರೆ ಒಂದು ಯೂನಿಟ್ ಏರ್ಸು, ಗೆದ್ರೆ ಒಂದು ಇಳ್ಸು ಅನ್ನೋದು ಡಾಲಂಬೇರ್. 1, 1, 2, 3, 5, 8 ಅಂತ ಏರೋದು ಫಿಬೊನಾಚಿ. ಒಂದು ಚೀಟಿ ಮೇಲೆ ಅಂಕಿ ಬರ್ಕೊಂಡು ಎರಡೂ ತುದಿ ಕೂಡಿಸಿ ಕಟ್ಟಿ, ಗೆದ್ರೆ ಹೊಡೆದುಹಾಕ್ತಾ ಹೋಗೋದು ಲಬುಶೇರ್. ಎಲ್ಲದ್ರಲ್ಲೂ ಏರೋ ವೇಗ ಬೇರೆ, ಒಳಗಿನ ಲೆಕ್ಕ ಮೇಲೆ ಹೇಳಿದ್ದೇ, ಜಾಸ್ತಿ ಹೊತ್ತು ಇವುಗಳ ಮೇಲೆ ಹಾಳು ಮಾಡ್ಬೇಡಿ.

ಬೇರೆ ಜಾತಿಗೆ ಸೇರಿದ್ದು ಒಂದೇ ಒಂದು ಇದೆ, ಕೆಲ್ಲಿ. ಜಾನ್ ಕೆಲ್ಲಿ ಅಂತ ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಇದ್ದ ವಿಜ್ಞಾನಿ, 1956ರಲ್ಲಿ ಒಂದು ಪ್ರಬಂಧ ಬರ್ದ. ಬೆಲ್ ಲ್ಯಾಬ್ಸ್ ಅಂದ್ರೆ ಟೆಲಿಫೋನ್ ಕಂಪನಿಯ ಸಂಶೋಧನಾಲಯ, ಅಲ್ಲಿ ಕುದುರೆ ರೇಸಿಗೇನು ಕೆಲಸ ಅಂದ್ರೆ, ಅವನ ಪ್ರಶ್ನೆ ಹೀಗಿತ್ತು: ಒಬ್ಬ ಜೂಜುಕೋರನಿಗೆ ಗದ್ದಲ ತುಂಬಿದ ಒಂದು ಫೋನ್ ಲೈನಲ್ಲಿ ಫಲಿತಾಂಶ ಮೊದ್ಲೇ ಕೇಳಿಸತ್ತೆ, ಆದ್ರೆ ಕೆಲವು ಸಲ ತಪ್ಪಾಗಿ ಕೇಳಿಸತ್ತೆ. ಅವ್ನು ಪ್ರತಿ ಸಲ ಗಂಟಿನ ಎಷ್ಟು ಪಾಲು ಕಟ್ಟಿದ್ರೆ ದುಡ್ಡು ಅತಿ ವೇಗವಾಗಿ ಬೆಳೆಯತ್ತೆ? ಪೂರ್ತಿ ಕಟ್ಟಿದ್ರೆ ಮೊದಲ ತಪ್ಪಿಗೇ ಬರಿಗೈ, ತೀರಾ ಕಮ್ಮಿ ಕಟ್ಟಿದ್ರೆ ಮಾಹಿತಿ ವೇಸ್ಟು. ನಡುವೆ ಎಲ್ಲೋ ಒಂದು ಸರಿಯಾದ ಪಾಲು ಇರ್ಬೇಕಲ್ಲ.

ಅವನ ಸೂತ್ರ ಮಾತಲ್ಲಿ ಹೇಳೋದಾದ್ರೆ ಇಷ್ಟೇ. ಗೆಲ್ಲೋ ಸಾಧ್ಯತೆ ತಗೊಳ್ಳಿ. ಸೋಲೋ ಸಾಧ್ಯತೆಯನ್ನ ರೇಟಿಂದ ಭಾಗಿಸಿ, ಅದನ್ನ ಇದ್ರಿಂದ ಕಳೀರಿ. ಬಂದ ಉತ್ತರ ಗಂಟಿನ ಎಷ್ಟು ಪಾಲು ಕಟ್ಬೇಕು ಅನ್ನೋದು. 2/1 ಕುದುರೆ, ನಿಮ್ಮ ಪ್ರಕಾರ 40% ಗೆಲ್ಲತ್ತೆ. ಸೋಲೋದು 60%, ಅದನ್ನ 2ರಿಂದ ಭಾಗಿಸಿದ್ರೆ 30%, 40ರಿಂದ 30 ಕಳೆದ್ರೆ 10%. ಗಂಟು 10,000 ಇದ್ರೆ 1,000 ಕಟ್ಟಿ ಅಂತ ಕೆಲ್ಲಿ ಹೇಳತ್ತೆ. ಅದೇ ಕುದುರೆ 33.3% ಮಾತ್ರ ಗೆಲ್ಲೋದು ಅಂದ್ರೆ ಉತ್ತರ ಸೊನ್ನೆ. 30% ಅಂದ್ರೆ ಮೈನಸ್ 5%, ಅಂದ್ರೆ ಕೌಂಟರಿನ ಈ ಕಡೆ ನಿಲ್ಬೇಡಿ, ಆಗೋದಾದ್ರೆ ಆ ಕಡೆ ಹೋಗಿ ಬುಕ್ಕಿ ಆಗಿ ಅಂತ.

ನೋಡಿ, ಇಲ್ಲಿವರೆಗೆ ಹೇಳಿದ ಯಾವ ಸಿಸ್ಟಮ್ಮೂ "ಕಟ್ಬೇಡ" ಅಂತ ಹೇಳಿರ್ಲಿಲ್ಲ. ಫ್ಲಾಟು 200 ಕಟ್ಟು ಅಂತು, ಡಬಲ್ಲು 6,400 ಕಟ್ಟು ಅಂತು. ಕುದುರೆ ಹೇಗಿದೆ ಅಂತ ಕೇಳೋ ಸಿಸ್ಟಂ ಇದೊಂದೇ.

ಆದ್ರೆ ಇದ್ರ ಬುಡದಲ್ಲೇ ಒಂದು ತೂತಿದೆ. ಆ 40% ಎಲ್ಲಿಂದ ತಂದ್ರಿ? ರೂಲೆಟ್ಟಲ್ಲಾದ್ರೆ ಎಣಿಸಬಹುದು, ಕುದುರೆಗೆ ಯಾರು ಸರ್ಟಿಫಿಕೇಟ್ ಕೊಡ್ತಾರೆ? ಅದು ನಿಮ್ಮ ಅಂದಾಜು, ಅಂದಾಜು ಯಾವಾಗ್ಲೂ ನಮ್ಮ ಆಸೆ ಕಡೆಗೇ ವಾಲಿರತ್ತೆ. ನೀವು 40 ಅಂದ್ಕೊಂಡಿದ್ದು ನಿಜವಾಗಿ 33.3 ಆಗಿತ್ತು ಅನ್ನಿ. ಹಾಗಿದ್ರೂ ಒಂದೊಂದು ಬೆಟ್ಟೂ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನೋ ಥರದ್ದೇ ಅಲ್ವಾ? 99 ಬೆಟ್ ಕಟ್ಟಿ, ಲೆಕ್ಕದ ಪ್ರಕಾರ ಸರಿಯಾಗಿ 33 ಗೆದ್ದು 66 ಸೋತ್ರಿ. ಒಂದೇ ಮೊತ್ತ ಕಟ್ಟಿದ್ದೋನು ಹೊರಟಲ್ಲೇ ಇರ್ತಾನೆ. ನೀವು ಪ್ರತಿ ಸಲ ಗಂಟಿನ 10% ಕಟ್ಟಿದ್ರೆ ನಿಮ್ಮ 10,000 ಹೆಚ್ಚುಕಮ್ಮಿ 3,900ಕ್ಕೆ ಬಂದಿರತ್ತೆ. ಕುದುರೆಗಳು ಮೋಸ ಮಾಡ್ಲಿಲ್ಲ, ಬುಕ್ಕಿ ಮೋಸ ಮಾಡ್ಲಿಲ್ಲ, ಬರೀ ಮೊತ್ತ ಜಾಸ್ತಿ ಆಗಿದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಗಂಟು ಕರಗೋಯ್ತು. ಆ 110, 99ರ ಚೇಷ್ಟೆ ಹೇಳಿದ್ನಲ್ಲ, ಅದೇ ಇದು, ಮೈ ತುಂಬಿಕೊಂಡು ಬಂದಿದೆ.

ಅಂದಾಜು ಸರಿಯಾಗಿದ್ರೂ ಪೂರ್ತಿ ಕೆಲ್ಲಿ ಹೊಟ್ಟೆ ತೊಳೆಸೋ ಸವಾರಿ. ಮೇಲಿನ 10%ರಲ್ಲಿ ಸತತ 10 ಸೋತ್ರೆ 10,000 ಹೋಗಿ 3,487 ಆಗತ್ತೆ. ಅದಕ್ಕೇ ಇದನ್ನ ನಿಜವಾಗಿ ಬಳಸೋರು ಅರ್ಧ ಕೆಲ್ಲಿ, ಕಾಲು ಕೆಲ್ಲಿ ಅಂತ ಕಟ್ತಾರೆ. ಅರ್ಧ ಕಟ್ಟಿದ್ರೆ ಬೆಳವಣಿಗೆ ಅರ್ಧ ಆಗಲ್ಲ, ಮುಕ್ಕಾಲು ಪಾಲು ಉಳಿಯತ್ತೆ, ಏರಿಳಿತ ಮಾತ್ರ ಅರ್ಧ ಆಗತ್ತೆ. ಅದೇ ಕೆಲ್ಲಿ ಹೇಳಿದ್ದಕ್ಕಿಂತ ಡಬಲ್ ಕಟ್ಟಿದ್ರೆ ಬೆಳವಣಿಗೆ ಹತ್ತಿರ ಹತ್ತಿರ ಸೊನ್ನೆ. ಕಮ್ಮಿ ಕಟ್ಟಿದ ತಪ್ಪಿಗೆ ದಂಡ ಸಣ್ಣದು, ಜಾಸ್ತಿ ಕಟ್ಟಿದ ತಪ್ಪಿಗೆ ದೊಡ್ಡದು. ಅಡುಗೆ ಮಾಡೋರಿಗೆ ಗೊತ್ತು, ಉಪ್ಪು ಕಮ್ಮಿ ಆದ್ರೆ ಮೇಲೆ ಹಾಕ್ಕೋಬಹುದು.

ಇದ್ರಲ್ಲಿ ನಿಜವಾಗಿ ದುಡ್ಡು ಮಾಡಿದೋರು ಇದಾರಾ ಅಂದ್ರೆ, ಇದಾರೆ. ಬಿಲ್ ಬೆಂಟರ್ ಅಂತ ಅಮೆರಿಕದವ್ನು 1980ರ ದಶಕದ ನಡುವೆ ಹಾಂಗ್‌ಕಾಂಗಿಗೆ ಹೋಗಿ, ಕಂಪ್ಯೂಟರಲ್ಲಿ ಪ್ರತಿ ಕುದುರೆಯ ಗೆಲ್ಲೋ ಸಾಧ್ಯತೆ ಅಂದಾಜು ಮಾಡೋ ಮಾಡೆಲ್ ಕಟ್ಟಿ, ಭಾಗಶಃ ಕೆಲ್ಲಿ ಪ್ರಕಾರ ದುಡ್ಡು ಹಾಕಿ ಭಾರಿ ಮೊತ್ತ ಗೆದ್ದ. ವಿಧಾನ ಏನು ಅಂತ 1994ರಲ್ಲಿ ಪ್ರಬಂಧಾನೂ ಬರ್ದ. ಅದ್ರಲ್ಲಿ ನನಗೆ ಇಷ್ಟ ಆದ ಒಂದು ಅಂಶ, ಅವ್ನು ತನ್ನ ಮಾಡೆಲ್ಲೇ ಸರಿ ಅಂತ ಕೂರ್ಲಿಲ್ಲ, ಜನ ಕಟ್ಟಿರೋ ರೇಟಲ್ಲೂ ಮಾಹಿತಿ ಇದೆ ಅಂತ ಒಪ್ಕೊಂಡು ಎರಡನ್ನೂ ಸೇರಿಸಿದ. ಆದ್ರೂ ಗಮನಿಸಿ, ಅವನು ಮೊದ್ಲು ವರ್ಷಗಟ್ಟಲೆ ಕೂತು ತಯಾರು ಮಾಡಿದ್ದು ಗೆಲ್ಲೋ ಅಂದಾಜು, ಕೆಲ್ಲಿ ಬಂದಿದ್ದು ಆಮೇಲೆ. ಸಿಸ್ಟಂ ಮಾರೋರು ಹಿಂದಿನಿಂದ ಮುಂದಕ್ಕೆ ಕತೆ ಹೇಳ್ತಾರೆ.

ಮತ್ತೆ ಬೆಂಟರ್ ಇದ್ದಿದ್ದು ಹಾಂಗ್‌ಕಾಂಗ್, ನಾವಿರೋದು ಇಲ್ಲಿ. ಇಲ್ಲಿಯ ಒಂದು ಅಂಕಿ ಎಲ್ಲ ಸಿಸ್ಟಮ್ಮನ್ನೂ ಉಲ್ಟಾ ಮಾಡತ್ತೆ. 2025ರ ಸೆಪ್ಟೆಂಬರ್ 22ರಿಂದ ರೇಸ್ ಬೆಟ್ಟಿನ ಮೇಲೆ ಜಿಎಸ್‌ಟಿ 40%. ಅದಕ್ಕೆ ಮುಂಚೆ 28 ಇತ್ತು. ಅದೂ ಗೆದ್ದ ಲಾಭದ ಮೇಲಲ್ಲ, ಬೆಟ್ಟಿನ ಪೂರ್ತಿ ಮುಖಬೆಲೆ ಮೇಲೆ. ಸೋತ್ರೂ ಕಟ್ಬೇಕು. ಅಂದ್ರೆ 100ರ ಬೆಟ್ಟಿಗೆ ಜೇಬಿಂದ 140 ಹೋಗತ್ತೆ ಅಂತ ಇಟ್ಕೊಂಡು ಮೇಲಿನ ಲೆಕ್ಕವನ್ನೆಲ್ಲ ಇನ್ನೊಂದು ಸಲ ಮಾಡೋಣ.

2/1 ಕುದುರೆ ಗೆದ್ರೆ 300 ಕೈಗೆ ಬರತ್ತೆ, ಹಾಕಿದ್ದು 140. ಅಸಲು ಉಳಿಯೋಕೆ 33.3% ಸಾಕಾಗಿತ್ತಲ್ಲ, ಈಗ 46.7% ಬೇಕು. ಈವನ್ ಮನಿ ಕುದುರೆ 50% ಅಲ್ಲ, 70% ಗೆಲ್ಬೇಕು. ಎಪ್ಪತ್ತು ಪರ್ಸೆಂಟ್ ಗೆಲ್ಲೋ ಕುದುರೆಗೆ ಯಾವ ಬುಕ್ಕಿ ಈವನ್ ರೇಟ್ ಕೊಡ್ತಾನೆ, ಅವನೇನು ಧರ್ಮಛತ್ರ ಇಟ್ಟಿದಾನಾ? ಮುಂಚೆ ಕೆಲ್ಲಿ 10% ಕಟ್ಟು ಅಂದಿದ್ದ ಆ 40%ರ ಕುದುರೆಗೆ ಈಗ ಉತ್ತರ ಮೈನಸ್ 12.5%. ನಿಮ್ಮ ಅಂದಾಜು ನೂರಕ್ಕೆ ನೂರು ಸರಿ ಇದ್ರೂ, ಬುಕ್ಕಿಗಿಂತ ನೀವೇ ಬುದ್ಧಿವಂತರಾಗಿದ್ರೂ.

ಡಬಲ್ ಸಿಸ್ಟಂ ಕತೆ ಇನ್ನೂ ಮಜಾ. ಈವನ್ ಮನಿಗೆ ಮೊದಲ ಬೆಟ್ 100 ಗೆದ್ರೆ ಲಾಭ 100, ತೆರಿಗೆ 40, ಉಳಿದಿದ್ದು 60. ಮೊದಲ್ನೇದು ಸೋತು ಎರಡನೇದು ಗೆದ್ರೆ? ಒಟ್ಟು ಕಟ್ಟಿದ್ದು 300, ತೆರಿಗೆ 120, ಆಟದ ಲಾಭ 100, ಅಂದ್ರೆ ಗೆದ್ದೂ 20 ರೂಪಾಯಿ ನಷ್ಟ. ಏಳನೇ ಮೆಟ್ಟಿಲಲ್ಲಿ, ಎದೆ ಢವಢವ ಅಂತಿರುವಾಗ ಕೊನೆಗೂ ಕುದುರೆ ಗೆದ್ದು ನೀವು ಎದ್ದು ಕುಣಿದಾಡಿದ್ರಿ ಅನ್ನಿ, ಅಷ್ಟೊತ್ತಿಗೆ 12,700ರ ಮೇಲೆ ತೆರಿಗೆ 5,080 ಕೊಟ್ಟಿರ್ತೀರ. 100 ಗೆದ್ದ ಖುಷಿಗೆ ಖರ್ಚು 4,980. ಎರಡನೇ ಮೆಟ್ಟಿಲಿಂದ ಆಚೆಗೆ ಗೆಲುವು ಅನ್ನೋದೇ ಇಲ್ಲ ಈ ಸಿಸ್ಟಮ್ಮಲ್ಲಿ.

ಇದ್ರ ಜೊತೆಗೆ ಗೆದ್ದ ದುಡ್ಡಿನ ಮೇಲೆ 30% ಆದಾಯ ತೆರಿಗೆ ಇದೆ, 10,000 ದಾಟಿದ ಗೆಲುವಿಗೆ ಕೊಡುವಾಗ್ಲೇ ಹಿಡ್ಕೊಂಡು ಕೊಡ್ತಾರೆ, ಉಳಿದ ದಿನಗಳ ಸೋಲನ್ನ ಅದ್ರಲ್ಲಿ ಕಳೆದು ತೋರಿಸೋಕೂ ಬಿಡಲ್ಲ. ಸರ್ಕಾರ ನಿಮ್ಮ ಗೆಲುವಲ್ಲಿ ಪಾಲುದಾರ, ಸೋಲಲ್ಲಿ ಪಕ್ಕದ ಮನೆಯವನು.

ಹಾಗಾದ್ರೆ ಸ್ಟೇಕಿಂಗ್ ಪ್ಲ್ಯಾನ್ ಯಾಕಾದ್ರೂ ಬೇಕು ಅಂತ ಕೇಳಬಹುದು. ನನ್ ಪ್ರಕಾರ ಒಂದು ಕೆಲಸಕ್ಕೆ ಬೇಕು, ಖರ್ಚಿಗೆ ಬೇಲಿ ಹಾಕೋಕೆ. ಡರ್ಬಿ ದಿನ ಫ್ರೆಂಡ್ಸ್ ಜೊತೆ ಹೋಗಿ, ಕುದುರೆ ನೋಡಿ, ಚೂರು ಕೂಗಾಡಿ ಬರೋದು ಒಂದು ಸಿನಿಮಾಗೆ ಹೋದಂಗೆ, ಅದಕ್ಕೊಂದು ಟಿಕೆಟ್ ಖರ್ಚಿದೆ ಅಂದ್ಕೊಂಡ್ರೆ ಲೆಕ್ಕ ಸುಲಭ. ಎಂಟು ರೇಸು, ರೇಸಿಗೆ 50ರ ಬೆಟ್ಟು, ತೆರಿಗೆ ಸೇರಿ 560, ಅಷ್ಟನ್ನೇ ಜೇಬಿಗೆ ಹಾಕ್ಕೊಂಡು, ಫೋನಲ್ಲಿರೋ ಯುಪಿಐ ಮನೇಲೇ ಬಿಟ್ಟು ಹೋಗೋದು. ಯುಪಿಐ ಇದ್ರೆ ಯಾವ ಸಿಸ್ಟಮ್ಮೂ ಮೂರನೇ ರೇಸ್ ದಾಟಲ್ಲ, ಅನುಭವದ ಮಾತು. ಈ ಬೇಲಿ ಹಾಕೋಕೇ ಆಗ್ತಿಲ್ಲ, ಪ್ರತಿ ಸಲ ಮುರೀತಿದೆ, ಸಾಲ ಮಾಡಿ ಕಟ್ಟೋ ಹಂತಕ್ಕೆ ಬಂದಿದೆ ಅಂದ್ರೆ ಅದು ಲೆಕ್ಕದ ಸಮಸ್ಯೆ ಅಲ್ಲ, ಡಾಕ್ಟರ್ ಹತ್ರ ಹೋಗೋ ವಿಷಯ. ನಿಮ್ಹಾನ್ಸ್ ಬೆಂಗಳೂರಲ್ಲೇ ಇದೆ, ಅಲ್ಲಿ ಚಟಗಳಿಗೆ ಅಂತಾನೇ ಚಿಕಿತ್ಸೆ ಕೊಡ್ತಾರೆ, ಮುಜುಗರ ಪಟ್ಕೊಳ್ಳೋಂಥದ್ದು ಏನೂ ಇಲ್ಲ.

ಬೇಲಿ ಮುರಿಯೋದು ಯಾವಾಗ ಅಂತ ರೇಸ್‌ಕೋರ್ಸಿಗೆ ಹೋಗೋರಿಗೆ ಗೊತ್ತು, ಕೊನೇ ರೇಸಲ್ಲಿ. ಬೆಳಗ್ಗಿಂದ ಕಳ್ಕೊಂಡಿದ್ದನ್ನೆಲ್ಲ ಒಂದೇ ಹೊಡೆತಕ್ಕೆ ವಾಪಸ್ ತರೋ ಆಸೇಲಿ, ಗೆಲ್ಲೋ ಸಾಧ್ಯತೆ ಕಮ್ಮಿ ಇರೋ ದೊಡ್ಡ ರೇಟಿನ ಕುದುರೆಗೆ ಉಳಿದಿದ್ದನ್ನೆಲ್ಲ ಸುರಿಯೋದು. ಎಲ್ಲ ದೇಶದ ಪಂಟರ್‌ಗಳೂ ಮಾಡೋದು ಇದೇ.

ದೊಡ್ಡಪ್ಪನ ಪುಸ್ತಕದ ಕೊನೆ ಕಡೆಯ ಪುಟಗಳಿಗೆ ಹೋದ್ರೆ ಡಬಲ್ ನಿಂತುಹೋಗಿದೆ. 20, 20, 20 ಅಂತ ಕೆಳಗಿನವರೆಗೂ ಇದೆ, ಮಧ್ಯೆ ಮಧ್ಯೆ ಕೆಲವು ರೇಸಿನ ಮುಂದೆ ಬರೀ ಒಂದು ಗೀಟು, ಕಟ್ಟಿಲ್ಲ ಅಂತ. ಕೊನೇ ರೇಸಿನ ಕಾಲಂ ಮಾತ್ರ ಒಂದು ದಿನಾನೂ ಬಿಡ್ದಂಗೆ ಖಾಲಿ. ಕೆಲ್ಲಿ ಹೆಸರೂ ಕೇಳದ ಮನುಷ್ಯ ಇಷ್ಟು ಶಿಸ್ತು ಎಲ್ಲಿ ಕಲಿತ್ರು ಅಂತ ಆಶ್ಚರ್ಯ ಆಗಿ ದೊಡ್ಡಮ್ಮನ್ನ ಕೇಳ್ದೆ.

"ಶಿಸ್ತೂ ಇಲ್ಲ ಮಣ್ಣೂ ಇಲ್ಲ ಕಣೋ" ಅಂದ್ರು, ಬಟಾಣಿ ಸುಲೀತಾ. "ಕೊನೇ ರೇಸ್ ಬಿಟ್ಮೇಲೆ ಬಸ್ಸಲ್ಲಿ ಸೀಟ್ ಸಿಕ್ತಿರ್ಲಿಲ್ಲ, ನಿಮ್ ದೊಡ್ಡಪ್ಪನಿಗೆ ಮಂಡಿ ನೋವು."